ಹಳೇ ಗಾಡಿ ಎಳೆಯುತ್ತಿಲ್ಲವೇ? ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ

ಸಿಂಧನೂರು, ಮಸ್ಕಿ, ಲಿಂಗಸುಗೂರು. ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ಜೇವರ್ಗಿಯಿಂದ ಚಾಮರಾಜನಗರದ ಕಡೆ ಹೋಗುವ 150ಎ ಹೆದ್ದಾರಿ ಈ ಮೂರನ್ನೂ ಪೋಣಿಸಿಕೊಂಡು ಹೋಗುತ್ತದೆ. ರಸ್ತೆ ಒಂದೇ ಆದರೂ ಧೂಳು ಮಾತ್ರ ಬೇರೆ ಬೇರೆ. ಸಿಂಧನೂರು ಕಡೆ ಕಾಲುವೆ ನೀರು, ನೆಲ್ಲು. ಕೊಯ್ಲಿನ ಮಷಿನ್ ಗದ್ದೆಗೆ ಇಳಿದರೆ ಹೊಟ್ಟು, ಜೊಳ್ಳು, ಸಣ್ಣ ಮುಳ್ಳಿನಂಥ ತರಗು ಗಾಳಿಯಲ್ಲಿ ತೇಲಾಡುತ್ತದೆ. ಮಸ್ಕಿ ಕಡೆ ಹತ್ತಿಯ ಎಳೆ, ಎರೆ ಮಣ್ಣಿನ ಕರಿ ಪುಡಿ. ಲಿಂಗಸುಗೂರು ಕಡೆ ಹೋದರೆ ತೊಗರಿ ರಾಶಿಯ ಧೂಳು, ಮರಂ ಹಾಕಿದ ರಸ್ತೆಯ ಕೆಂಪು ಧೂಳು.

ಈ ಎಲ್ಲ ಧೂಳನ್ನೂ ನಾವು ಮೂಗಿಗೆ ಟವೆಲ್ ಕಟ್ಟಿಕೊಂಡು ತಡೆಯುತ್ತೇವೆ. ನಮ್ಮ ಗಾಡಿ? ಅದಕ್ಕೂ ಒಂದು ಟವೆಲ್ ಇದೆ. ಅದರ ಹೆಸರು ಏರ್ ಫಿಲ್ಟರ್. ಆ ಟವೆಲ್ಲನ್ನು ಒಗೆಯುವವರು ಕಡಿಮೆ, ಬದಲಾಯಿಸುವವರು ಇನ್ನೂ ಕಡಿಮೆ. ಹಾಗಾಗಿ ಈ ಬರಹ.

ನಮ್ಮ ಭಾಗದ ಹಳ್ಳಿಗಳಲ್ಲಿ ಈಗಲೂ ಕಾರ್ಬುರೇಟರ್ ಇರುವ ಹಳೇ ಮಾರುತಿ 800, ಓಮ್ನಿ ಸಿಗುತ್ತವೆ. ಅಪರೂಪಕ್ಕೆ ಒಂದು ಪೆಟ್ರೋಲ್ ಅಂಬಾಸಿಡರ್, ಒಂದು ಪ್ರೀಮಿಯರ್ ಪದ್ಮಿನಿ ಕೂಡ. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 2000ದ ಆಸುಪಾಸಿನಲ್ಲಿ ಎಂ.ಪಿ.ಎಫ್.ಐ. ಇಂಜಿನ್ ಬಂದು ಕಾರ್ಬುರೇಟರ್ ಮೆಲ್ಲಗೆ ಮೂಲೆ ಸೇರಿತು. 2014ರಲ್ಲಿ 800 ತಯಾರಿಕೆಯೇ ನಿಂತಿತು, 2019ರಲ್ಲಿ ಓಮ್ನಿಯೂ ನಿಂತಿತು. ಕಂಪನಿಗೆ ಅವು ಮುಗಿದ ಕಥೆ. ಹಳ್ಳಿಗೆ ಮುಗಿದಿಲ್ಲ. ಶಾಲೆ ಮಕ್ಕಳು, ಮದುವೆ ಸಾಮಾನು, ಸಂತೆಗೆ ಹೋಗುವ ತರಕಾರಿ ಪುಟ್ಟಿ, ನಡುರಾತ್ರಿ ಬಾಣಂತಿ, ಎಲ್ಲವನ್ನೂ ಅವೇ ಹೊರುತ್ತವೆ.

ನಾವು ನಾಲ್ವರು ಗೆಳೆಯರು ಸೇರಿ ಸುದ್ದಿಗಾಗಿ ಹಳ್ಳಿ ತಿರುಗಲು ಇಟ್ಟುಕೊಂಡಿರುವುದೂ ಅಂಥದ್ದೇ ಒಂದು ಹಳೇ ಓಮ್ನಿ. ಹೆಸರಿಗೆ ನಮ್ಮದು, ನಡೆಯುವುದು ಓಣಿಯವರೆಲ್ಲರ ಕೆಲಸಕ್ಕೆ.

ದಮ್ಮು ದೊಡ್ಡವ್ವಗೋ, ಗಾಡಿಗೋ

ನೆಲ್ಲು ಕೊಯ್ಲಿನ ಹೊತ್ತು. ಒಂದು ತಿಂಗಳಿನಿಂದ ಗಾಡಿ ಎಳೆತ ಕಳೆದುಕೊಂಡಿತ್ತು. ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು, ಸೈಲೆನ್ಸರಿನಲ್ಲಿ ಕರಿ ಹೊಗೆ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಬಾನೆಟ್ಟು, ಸೀಟು ಯಾವುದನ್ನೂ ಎತ್ತದೆ, "ಕಾರ್ಬುರೇಟರ್ ಹೋಗ್ಯಾದ್ರಿ, ಹೊಸಾದು ಹಾಕಬೇಕು" ಅಂದರು. ಅವರು ಹೇಳಿದ ರೇಟು ನಮ್ಮ ನಾಲ್ವರ ಕಿಸೆ ಸೇರಿಸಿದರೂ ಆಗುವಂಥದ್ದಲ್ಲ. ರಾಶಿ ಮುಗಿದ ಮೇಲೆ ನೋಡೋಣ ಎಂದು ಬಂದೆವು.

ಅಂಥದರಲ್ಲಿ ಒಂದು ರಾತ್ರಿ ಪಕ್ಕದ ಮನೆಯ ದೊಡ್ಡವ್ವಗೆ ದಮ್ಮು ಏರಿತು. ಹಗಲೆಲ್ಲ ಕಣದಲ್ಲಿ ನೆಲ್ಲು ತೂರಿದ್ದರು. ಕೈಗೆ ಸಿಕ್ಕ ಗಾಡಿ ಅದೊಂದೇ. ಮಸ್ಕಿ ದಾಟಿ ಲಿಂಗಸುಗೂರು ದಾರಿ ಹಿಡಿದಿದ್ದೆವು. ಆಕ್ಸಿಲೇಟರ್ ಪೂರ್ತಿ ಒತ್ತಿದರೂ ಗಾಡಿ ಮುಂದೆ ಹೋಗಲೊಲ್ಲದು. ಒತ್ತಿದಷ್ಟೂ ಗೊರಗೊರ ಅನ್ನುತ್ತದೆ, ಹಿಂದೆ ಕರಿ ಹೊಗೆ. ಕೊನೆಗೆ ಕೆಮ್ಮಿ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ದೊಡ್ಡವ್ವನ ಎದೆಯೂ ಅದೇ ಸದ್ದು ಮಾಡುತ್ತಿತ್ತು.

ಸ್ಪ್ಯಾನರ್ ಇಲ್ಲದೆ ನಮ್ಮ ಕೈಗೆ ಬಿಚ್ಚಲು ಬಂದದ್ದು ಏರ್ ಫಿಲ್ಟರ್ ಡಬ್ಬಿ ಒಂದೇ. ಮೊಬೈಲ್ ಬೆಳಕಿನಲ್ಲಿ ಮುಚ್ಚಳ ತೆಗೆದೆವು. ಒಳಗಿನ ಮಡಿಕೆ ಕಾಗದದ ಮೇಲೆ ಕಂಬಳಿ ಹೊದಿಸಿದ ಹಾಗೆ ಹೊಟ್ಟು, ಹತ್ತಿ ಎಳೆ, ಮಣ್ಣು. ಬೆರಳಿನಿಂದ ಕೆರೆದರೆ ರೊಟ್ಟಿ ಹಂಗೆ ಎದ್ದು ಬಂತು. ಫಿಲ್ಟರನ್ನು ಹೊರಗಿಟ್ಟು, ಮುಚ್ಚಳ ಮಾತ್ರ ಹಾಕಿ ಸೆಲ್ಫ್ ಹೊಡೆದೆವು. ಎರಡನೇ ಸಲಕ್ಕೆ ಗಾಡಿ ಸುರುವಾಯಿತು. ಮೆಲ್ಲಗೆ ಓಡಿಸಿಕೊಂಡು ತಾಲೂಕು ಆಸ್ಪತ್ರೆ ಮುಟ್ಟಿದೆವು. ದೊಡ್ಡವ್ವಗೆ ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಬೆಳಗಿನ ಜಾವಕ್ಕೆ ಚಹಾ ಕೇಳಿದರು.

ಮರುದಿನ ನಮಗೆ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿ ಹತ್ತಿರ ಗಾಡಿ ಒಯ್ದೆವು. ಅವರು ಹಳೇ ಫಿಲ್ಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಅಂದದ್ದು ಇಷ್ಟೇ: "ನೋಡ್ರೆಪಾ, ಗಾಡಿಗಿ ಏನೂ ಆಗಿಲ್ಲ. ಉಸಿರು ಕಟ್ಟಿತ್ತು, ಅಷ್ಟ." ಮುಂದಿನ ಎರಡು ಭಾನುವಾರ ಅವರ ಶೆಡ್ಡಿನಲ್ಲಿ ಕೂತು ನಾವು ನೋಡಿ, ಕೇಳಿ, ಕೈ ಕರಿ ಮಾಡಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾಲುವೆ ಗೊತ್ತಿದ್ದವರಿಗೆ ಕಾರ್ಬುರೇಟರ್ ಗೊತ್ತು

ಕಾರ್ಬುರೇಟರ್ ಅಂದರೆ ಹೆದರಬೇಕಾಗಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸುವ ಪಾತ್ರೆ ಅದು. ತುಂಗಭದ್ರಾ ಎಡದಂಡೆ ಕಾಲುವೆ ನೀರು ನೋಡಿದವರಿಗೆ ಇದು ಸುಲಭ. ಕಾಲುವೆ ಅಗಲವಿರುವ ಕಡೆ ನೀರು ಮೆಲ್ಲಗೆ ಹೋಗುತ್ತದೆ, ಕಿರಿದಾದ ಕಡೆ ಜೋರಾಗಿ ಓಡುತ್ತದೆ. ಕಾರ್ಬುರೇಟರಿನ ಗಂಟಲೂ ಹಾಗೇ ನಡುವೆ ಕಿರಿದು. ಅಲ್ಲಿ ಗಾಳಿ ಜೋರಾಗಿ ಓಡುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಆ ಜಾಗಕ್ಕೆ ಬಾಯಿ ತೆರೆದಿರುವ ಸಣ್ಣ ತೂತಿನಿಂದ ಪೆಟ್ರೋಲ್ ತಾನೇ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. ಆ ತೂತಿನ ಹಿತ್ತಾಳೆ ತುಂಡೇ ಜೆಟ್.

ಪೆಟ್ರೋಲ್ ಎಷ್ಟು ನಿಂತಿರಬೇಕು ಎಂದು ನೋಡಿಕೊಳ್ಳುವುದು ಫ್ಲೋಟ್. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಬಾಲ್ ಇರುತ್ತದಲ್ಲ, ಅದೇ ಕೆಲಸ. ಪೆಟ್ರೋಲ್ ಏರಿದರೆ ಫ್ಲೋಟ್ ಏರಿ ಒಂದು ಸಣ್ಣ ನೀಡಲ್ ಒತ್ತಿ ಬಾಯಿ ಮುಚ್ಚುತ್ತದೆ.

ಲೆಕ್ಕ ಕೇಳಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9 ಸಾವಿರ ಲೀಟರ್ ಗಾಳಿ. ನಾವು ಪೆಟ್ರೋಲಿನ ಲೆಕ್ಕ ಇಡುತ್ತೇವೆ, ಗಾಳಿಯ ಲೆಕ್ಕ ಇಡುವುದಿಲ್ಲ. ಆ 9 ಸಾವಿರ ಲೀಟರೂ ಒಂದು ಕಾಗದದ ಫಿಲ್ಟರ್ ದಾಟಿಯೇ ಒಳಗೆ ಹೋಗಬೇಕು. ಫಿಲ್ಟರ್ ಕಟ್ಟಿದರೆ ಇಂಜಿನ್ ಇನ್ನೂ ಜೋರಾಗಿ ಎಳೆಯುತ್ತದೆ. ಗಾಳಿ ಬರದ ಕಡೆ ಆ ಎಳೆತಕ್ಕೆ ಪೆಟ್ರೋಲೇ ಜಾಸ್ತಿ ಬರುತ್ತದೆ. ಚೋಕ್ ಎಳೆದೇ ಓಡಿಸಿದ ಹಾಗೆ. ಕರಿ ಹೊಗೆ, ಎವರೇಜ್ ಲಾಸು, ಪಿಕಪ್ ಇಲ್ಲ. ಎಲ್ಲಕ್ಕೂ ಮೂಲ ಅಲ್ಲಿರಬಹುದು.

ಮೊದಲ ಹೆಜ್ಜೆ: ಡಬ್ಬಿ ಬಿಚ್ಚಿ

ಇಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಬಾಗಿಲೆಲ್ಲ ತೆರೆದಿಡಿ. ಹತ್ತಿರ ಬೀಡಿ ಸೇದುವವರನ್ನು ದೂರ ಕಳಿಸಿ.

ಫಿಲ್ಟರ್ ತೆಗೆದು ಸೂರ್ಯನ ಕಡೆ ಹಿಡಿದು ಒಳಗಿನಿಂದ ನೋಡಿ. ಬೆಳಕು ಕಂಡರೆ ಇನ್ನೂ ಜೀವ ಇದೆ. ಕಾಣದಿದ್ದರೆ ಹೊಸದು ಹಾಕಿ. ಸ್ವಲ್ಪ ಧೂಳಿದ್ದರೆ ಗಟ್ಟಿ ನೆಲದ ಮೇಲೆ ಮೆಲ್ಲಗೆ ತಟ್ಟಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಗೆ, ದೂರದಿಂದ, ಕಡಿಮೆ ಒತ್ತಡದಲ್ಲಿ. ಹೊರಗಿನಿಂದ ಹೊಡೆದರೆ ಧೂಳು ಇನ್ನೂ ಒಳಗೆ ಸೇರುತ್ತದೆ. ಹತ್ತಿರದಿಂದ ಹೊಡೆದರೆ ಕಾಗದ ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಕಾಗದದ ಫಿಲ್ಟರನ್ನು ನೀರಲ್ಲಿ, ಪೆಟ್ರೋಲಲ್ಲಿ ತೊಳೆಯಬಾರದು.

ಟ್ರ್ಯಾಕ್ಟರ್ ಇದ್ದವರಿಗೆ ಇನ್ನೊಂದು ತರಹದ ಏರ್ ಕ್ಲೀನರ್ ಗೊತ್ತು. ಕೆಳಗೆ ಎಣ್ಣೆಯ ಬಟ್ಟಲು, ಗಾಳಿ ಎಣ್ಣೆಗೆ ತಾಗಿ ಹೋಗುವಾಗ ಧೂಳು ಅಲ್ಲೇ ಅಂಟುತ್ತದೆ. ಹಳೇ ಪೆಟ್ರೋಲ್ ಜೀಪುಗಳಲ್ಲೂ ಇಂಥದೇ ಇತ್ತು. ಅದರಲ್ಲಿ ಎಣ್ಣೆ ಗುರುತಿನ ತನಕ ಮಾತ್ರ ಇರಬೇಕು. ತಳದಲ್ಲಿ ಕೆಸರು ಕಟ್ಟಿದರೆ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು ಹೊಸ ಎಣ್ಣೆ ಹಾಕಬೇಕು. ಗುರುತು ಮೀರಿ ಹಾಕಿದರೆ ಎಣ್ಣೆಯನ್ನು ಇಂಜಿನ್ನೇ ಹೀರುತ್ತದೆ.

ಫಿಲ್ಟರ್ ಮೇಲೆ ಎಣ್ಣೆ ಜಿಡ್ಡು ಕಂಡರೆ ಅದು ಬೇರೆ ಕಥೆ. ಇಂಜಿನ್ನಿನ ಉಸಿರು ಪೈಪಿನಿಂದ ಎಣ್ಣೆ ಹೊಗೆ ಏರಿ ಬಂದಿದೆ. ರಿಂಗ್ ಸವೆದಿರಬಹುದು, ಮೇಸ್ತ್ರಿಗೆ ತೋರಿಸಿ.

ತುರ್ತಿದ್ದರೆ ನಾವು ಮಾಡಿದ ಹಾಗೆ ಫಿಲ್ಟರ್ ತೆಗೆದು ನಾಲ್ಕು ಹೆಜ್ಜೆ ಹೋಗಬಹುದು. ಅದನ್ನೇ ಚಾಳಿ ಮಾಡಿಕೊಳ್ಳಬಾರದು. ನಮ್ಮ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಅದು ಸಿಲಿಂಡರ್ ಗೋಡೆಯನ್ನು ಉಜ್ಜು ಕಾಗದದ ಹಾಗೆ ತಿಕ್ಕುತ್ತದೆ. ನೂರು-ಇನ್ನೂರರ ಫಿಲ್ಟರ್ ಉಳಿಸಲು ಹೋಗಿ ಇಂಜಿನ್ ಬೋರಿಂಗಿಗೆ ಸಾವಿರಗಟ್ಟಲೆ ಹೋಗುತ್ತದೆ. ಇನ್ನೊಂದು ಅಪಾಯ, ಕಾರ್ಬುರೇಟರ್ ಒಮ್ಮೊಮ್ಮೆ ಬ್ಯಾಕ್ ಹೊಡೆದಾಗ ಬೆಂಕಿ ಮೇಲಕ್ಕೆ ಬರುತ್ತದೆ. ಆ ಡಬ್ಬಿ ಮತ್ತು ಫಿಲ್ಟರ್ ಅದನ್ನೂ ತಡೆಯುತ್ತವೆ.

ಪ್ಲಗ್ ಕೇಳಿ, ಹೇಳುತ್ತದೆ

ಫಿಲ್ಟರ್ ಚೆನ್ನಾಗಿದ್ದೂ ತೊಂದರೆ ಇದ್ದರೆ ಪ್ಲಗ್ ಬಿಚ್ಚಿ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಬೆರಕೆ ಸರಿ ಇದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟ ಹಾಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಎಣ್ಣೆ ಜಿಡ್ಡಿದ್ದರೆ ಇಂಜಿನ್ ಎಣ್ಣೆ ಸುಡುತ್ತಿದೆ.

ಹೊಗೆಯೂ ಹಾಗೇ. ಕರಿ ಹೊಗೆ ಪೆಟ್ರೋಲಿನದ್ದು, ನೀಲಿ ಹೊಗೆ ಎಣ್ಣೆಯದ್ದು. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಇದ್ದರೆ ನೀರು ಒಳಗೆ ಹೋಗುತ್ತಿದೆ ಎಂದು ಅನುಮಾನಿಸಬೇಕು. ಮೊದಲನೆಯದಕ್ಕೆ ಮಾತ್ರ ಕಾರ್ಬುರೇಟರ್ ಮುಟ್ಟಿ.

ಮೇಸ್ತ್ರಿ ಪದೇ ಪದೇ ಹೇಳಿದ ಮಾತು: ಕಾರ್ಬುರೇಟರಿಗೆ ಕೈ ಹಾಕುವ ಮುಂಚೆ ಕರೆಂಟು ನೋಡಿ. ಪ್ಲಗ್ ಗ್ಯಾಪ್, ಪ್ಲಗ್ ವೈರ್, ಹಳೇ ಗಾಡಿಯಾದರೆ ಪಾಯಿಂಟ್. ಮಿಸ್ಸಿಂಗ್ ಹೊಡೆಯುವ ಎಷ್ಟೋ ಗಾಡಿಗಳಲ್ಲಿ ತಪ್ಪು ಪಾಯಿಂಟಿನದ್ದು, ಬೈಗುಳ ಕಾರ್ಬುರೇಟರಿಗೆ.

ಯಾವ ರೋಗಕ್ಕೆ ಯಾವ ಜಾಗ

ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸುರುವಾಗುತ್ತದೆ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಹಾಗಿಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್ ನೋಡಿ, ಆಮೇಲೆ ಪಂಪು.

ಪೆಟ್ರೋಲ್ ವಾಸನೆ, ಕಾರ್ಬುರೇಟರ್ ಹೊರಗೆ ಒದ್ದೆ: ಫ್ಲೋಟ್ ಅಥವಾ ನೀಡಲ್. ನೀಡಲ್ ಕೂರುವ ಜಾಗದಲ್ಲಿ ಕಸ ಸಿಕ್ಕಿಕೊಂಡಿರಬಹುದು. ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ತೂತಾಗಿದೆ. ಇದು ಸರಿಯಾಗುವ ತನಕ ಗಾಡಿ ಓಡಿಸಬೇಡಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರುವುದು ಅಂದರೆ ಒಲೆ ಪಕ್ಕ ಪೆಟ್ರೋಲ್ ಇಟ್ಟ ಹಾಗೆ.

ಆಕ್ಸಿಲೇಟರ್ ಒತ್ತಿದ ಕೂಡಲೇ ಗಾಡಿ ಒಮ್ಮೆ ಸತ್ತ ಹಾಗಾಗಿ ಆಮೇಲೆ ಎಳೆಯುತ್ತದೆ: ಇಂಜಿನ್ ಆರಿಸಿ, ಕಾರ್ಬುರೇಟರಿನ ಬಾಯಿಯಲ್ಲಿ ಸ್ವಲ್ಪ ದೂರದಿಂದ ನೋಡುತ್ತ ಲಿಂಕನ್ನು ಕೈಯಲ್ಲಿ ಎಳೆಯಿರಿ. ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಆಕ್ಸಿಲೇಟರ್ ಪಂಪಿನ ರಬ್ಬರ್ ಹೋಗಿದೆ ಅಥವಾ ಅದರ ತೂತು ಕಟ್ಟಿದೆ.

ಐಡ್ಲಿಂಗಿನಲ್ಲಿ ನಿಲ್ಲುವುದಿಲ್ಲ, ಓಡುವಾಗ ಚೆನ್ನಾಗಿದೆ: ಸ್ಲೋ ಜೆಟ್ ಕಟ್ಟಿದೆ. ಕೆಲವು ಕಾರ್ಬುರೇಟರಿಗೆ ಒಂದು ಕರೆಂಟ್ ವೈರ್ ಬರುತ್ತದೆ, ಅದು ಬಿಚ್ಚಿದ್ದರೂ ಹೀಗೇ ಆಗುತ್ತದೆ. ಮೊದಲು ಆ ವೈರ್ ನೋಡಿ.

ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ, ಒಂದೇ ಸಮ ನಿಲ್ಲುವುದಿಲ್ಲ: ಎಲ್ಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್, ಸಣ್ಣ ರಬ್ಬರ್ ಪೈಪುಗಳು. ನಮ್ಮ ಬಿಸಿಲಿಗೆ ಪೈಪ್ ಒಣಗಿ ಬಿರುಕು ಬಿಡುತ್ತವೆ. ಕಾರ್ಬುರೇಟರ್ ಬುಡದಲ್ಲಿ ನಾಲ್ಕು ಹನಿ ಸೋಪಿನ ನೀರು ಬಿಡಿ. ಸದ್ದು ಬದಲಾದರೆ ಕಳ್ಳ ಸಿಕ್ಕ. ಕೆಲವರು ಪೆಟ್ರೋಲ್ ಹಾಕಿ ನೋಡುತ್ತಾರೆ. ಬೇಡವೇ ಬೇಡ, ಬೆಂಕಿ ಹತ್ತುತ್ತದೆ.

ಬೆಳಿಗ್ಗೆ ಸುರುವಾಗುವುದಿಲ್ಲ: ಚೋಕ್ ತಂತಿ ಎಳೆದಾಗ ಮೇಲಿನ ತಗಡು ಪೂರ್ತಿ ಮುಚ್ಚಬೇಕು. ಬಿಸಿಯಾದ ಮೇಲೆ ಪೂರ್ತಿ ತೆರೆಯಬೇಕು. ಅರ್ಧಕ್ಕೆ ಸಿಕ್ಕಿಕೊಂಡರೆ ಎರಡೂ ಹೊತ್ತಿನಲ್ಲಿ ತೊಂದರೆ.

ಜೆಟ್ ಕಟ್ಟಿದರೆ ಸೂಜಿ, ತಂತಿ, ಸೇಫ್ಟಿ ಪಿನ್ ಹಾಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ಕೂದಲೆಳೆಯಷ್ಟು ತೂತು ಹಿಗ್ಗಿದರೂ ಆ ಜೆಟ್ ಮುಂದೆ ಜೀವನಪರ್ಯಂತ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ತೊಳೆದು ಗಾಳಿ ಹೊಡೆಸಿದರೆ ಸಾಕು. ಗಾಳಿ ಹೊಡೆಯುವ ಮುಂಚೆ ಫ್ಲೋಟನ್ನೂ ರಬ್ಬರ್ ಭಾಗಗಳನ್ನೂ ಬೇರೆ ಇಡಿ. ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮುಂಚೆ ಅದು ಎಷ್ಟು ಸುತ್ತು ಒಳಗೆ ಹೋಗುತ್ತದೆ ಎಂದು ಎಣಿಸಿ ಚೀಟಿಯಲ್ಲಿ ಬರೆದಿಡಿ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮೇಸ್ತ್ರಿ ಕಾಲದಲ್ಲಿ ಈ ಅನುಕೂಲ ಇರಲಿಲ್ಲ, ಅವರು ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡವರು.

ಹೊಸ ಪೆಟ್ರೋಲ್, ಹಳೇ ರಬ್ಬರ್

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರು ಪಾಲಿನಲ್ಲಿ 20 ಪಾಲು ಎಥೆನಾಲ್. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಸರಕಾರ 2025ಕ್ಕೇ ಎಳೆದು ತಂದಿತು. ಎಥೆನಾಲ್ ಕಬ್ಬಿನಿಂದ ಬರುತ್ತದೆ, ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದಲೂ ಬರುತ್ತದೆ. ಬೆಳೆಯುವವರಾಗಿ ನಮಗೆ ಇದರಲ್ಲಿ ಲಾಭ ಇದೆ. ಹಳೇ ಗಾಡಿ ಇಟ್ಟುಕೊಂಡವರಾಗಿ ಸ್ವಲ್ಪ ಎಚ್ಚರವೂ ಬೇಕು.

ಒಂದು, ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ತಳದಲ್ಲಿ ನೀರು ಬೇರೆಯಾಗಿ ಫ್ಲೋಟ್ ಬಟ್ಟಲಿನ ಲೋಹವನ್ನು ತಿನ್ನುತ್ತದೆ. ಎರಡು, ಹಳೇ ರಬ್ಬರ್ ಪೈಪು, ಪಂಪಿನ ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ. ಉಬ್ಬುತ್ತವೆ, ಬಿರುಕು ಬಿಡುತ್ತವೆ. ಮೂರು, ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಎವರೇಜ್ ಸ್ವಲ್ಪ ಇಳಿಯುತ್ತದೆ. ಹೊಸ ಗಾಡಿಯ ಕಂಪ್ಯೂಟರ್ ಬೆರಕೆಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ಅದಕ್ಕೆ ಸ್ಕ್ರೂ ತಿರುಗಿಸುವ ಕೈಯೇ ಕಂಪ್ಯೂಟರ್.

ಮಾಡಬೇಕಾದ್ದು ಇಷ್ಟು: ಪೆಟ್ರೋಲ್ ಪೈಪುಗಳನ್ನು ಒಮ್ಮೆ ಹೊಸದು ಹಾಕಿಸಿ, ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಿ, ಬಹಳ ದಿನ ನಿಲ್ಲಿಸುವುದಿದ್ದರೆ ಕಾರ್ಬುರೇಟರಿನಲ್ಲಿರುವ ಪೆಟ್ರೋಲ್ ಖಾಲಿ ಮಾಡಿಸಿ.

ಇಟ್ಟುಕೊಳ್ಳಬೇಕೋ, ಗುಜರಿಗೆ ಹಾಕಬೇಕೋ

ಈ ಪ್ರಶ್ನೆ ನಮ್ಮ ಮುಂದೆಯೂ ಇದೆ. 15 ವರ್ಷ ದಾಟಿದ ಕಾರಿನ ಆರ್.ಸಿ. ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಅದರ ಮೇಲೆ ತೆರಿಗೆ, ಇನ್ಶೂರೆನ್ಸ್, ಪಿ.ಯು.ಸಿ. ಹೊಗೆ ತಪಾಸಣೆಯಲ್ಲಿ ಹಳೇ ಕಾರ್ಬುರೇಟರ್ ಕಾರಿಗೆ ಕಾರ್ಬನ್ ಮೋನಾಕ್ಸೈಡ್ ನೂರಕ್ಕೆ 3ರ ತನಕ ಬಿಡುತ್ತಾರೆ. ಫಿಲ್ಟರ್ ಕಟ್ಟಿದ ಗಾಡಿ ಅದನ್ನೂ ದಾಟಿಬಿಡಬಹುದು.

ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸೈಲೆನ್ಸರ್ ತೂತಾದ ಗಾಡಿಯಲ್ಲಿ ಕಿಟಕಿ ಮುಚ್ಚಿ ಮಕ್ಕಳನ್ನು ಕೂರಿಸಿದರೆ, ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಟ್ಟುಕೊಳ್ಳಬೇಕು. ಚಾಸಿ ತುಕ್ಕು ತಿಂದಿದ್ದರೆ, ಬ್ರೇಕ್ ನಂಬುವ ಹಾಗಿಲ್ಲದಿದ್ದರೆ ಪ್ರೀತಿ ಬಿಟ್ಟು ಗುಜರಿಗೆ ಕೊಡುವುದೇ ಸರಿ. ಬರೀ ಎಳೆತ ಇಲ್ಲ ಎಂಬ ಕಾರಣಕ್ಕೆ ಕೊಡಬೇಡಿ.

ನಮ್ಮನ್ನು ಕಾಡುವುದು ಇನ್ನೊಂದು ಸಂಗತಿ. ಕಾರ್ಬುರೇಟರ್ ಕಿವಿಯಿಂದ ಟ್ಯೂನ್ ಮಾಡುವವರು ಈ ಮೂರೂ ಊರಲ್ಲಿ ಕಡಿಮೆಯಾಗುತ್ತಿದ್ದಾರೆ. ಹೊಸ ಹುಡುಗರಿಗೆ ಸ್ಕ್ಯಾನರ್ ಹಚ್ಚುವುದು ಗೊತ್ತು, ಹಳೇ ಗಾಡಿಗೆ ಸ್ಕ್ಯಾನರ್ ಹಚ್ಚುವ ಜಾಗವೇ ಇಲ್ಲ. ಅದಕ್ಕೇ "ಹೊಸಾದು ಹಾಕ್ರಿ" ಎಂಬ ಮಾತು ಬೇಗ ಬರುತ್ತದೆ. ಅವರದು ಮೋಸ ಎಂದು ನಾವು ಹೇಳುವುದಿಲ್ಲ, ಕಲಿಸುವವರು ಇಲ್ಲ ಅಷ್ಟೇ. ನಮ್ಮ ಮೇಸ್ತ್ರಿಯನ್ನು, "ಕಾಕಾ, ಇದನ್ನ ಯಾರಿಗರ ಕಲಿಸೀರೇನ್ರಿ?" ಎಂದು ಕೇಳಿದೆವು. ನಕ್ಕು ಅಂದರು, "ಕಲಿಯಾಕ ಕೂಡಾವ್ರು ಯಾರದಾರ್ರೆಪಾ? ನೀವ್ ಬರ್ಕೊಳ್ರಿ, ಅದೂ ಕಲಿಸಿದಂಗ."

ಬರೆದುಕೊಂಡೆವು. ನಿಮ್ಮ ಓಣಿಯಲ್ಲಿ ಹಳೇ ಗಾಡಿ ಇಟ್ಟವರಿಗೆ ಇದನ್ನು ಕಳಿಸಿ. ಫಿಲ್ಟರ್ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಕಾಯಬೇಡಿ, ಆ ಲೆಕ್ಕ ನಮ್ಮ ರಸ್ತೆಗಲ್ಲ. ನೆಲ್ಲು ಕೊಯ್ಲಿಗೆ ಮುಂಚೆ ಒಮ್ಮೆ, ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ, ಬೇಸಿಗೆ ನೆಲ್ಲು ಕೊಯ್ದ ಮೇಲೆ ಒಮ್ಮೆ ಡಬ್ಬಿ ಬಿಚ್ಚಿ ನೋಡಿ. ಜೊತೆಗೆ ಒಂದು ಹೊಸ ಫಿಲ್ಟರ್, ಒಂದು ಪ್ಲಗ್, ಒಂದು ಗೇಣು ಪೆಟ್ರೋಲ್ ಪೈಪು, ಒಂದು ಸ್ಕ್ರೂಡ್ರೈವರ್ ಸೀಟಿನ ಹಿಂದೆ ಇರಲಿ. ಕಣದಲ್ಲಿ ದುಡಿಯುವ ದೊಡ್ಡವರಿಗೆ ಮೂಗಿಗೆ ಕಟ್ಟಲು ಒಂದು ಒಳ್ಳೇ ಬಟ್ಟೆ ಕೂಡ ಇರಲಿ.